ಡ್ರಮ್ ಆ್ಯಂಡ್ ಬೇಸ್ ಹಾಡುವ ಮಗಳಿಗೆ ಇದರಲ್ಲಿ ಬದುಕು ಇದೆಯೇ?

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಮೈಸೂರಿನಲ್ಲಿದ್ದಾಗ ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ್ದಳು. ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಲ್ಲಿ ಪರಿಚಯವಾದ ಹುಡುಗನೊಬ್ಬನ ಡ್ರಮ್ ಆ್ಯಂಡ್ ಬೇಸ್ ಹಾಡಿಗೆ ದನಿ ಕೊಟ್ಟಳು. ಸಾಲುಗಳನ್ನು ಅವನೇ ಬರೆದಿದ್ದನಂತೆ, ಧಾಟಿಯನ್ನು ಇವಳೇ ಗುನುಗಿ ಕೂರಿಸಿದಳಂತೆ. 150 ಪೌಂಡ್ ಕೊಟ್ಟ. ಕಾಗದಪತ್ರ ಏನೂ ಆಗಿಲ್ಲ. ಹಾಡು ಅವನ ಹೆಸರಿನಲ್ಲಿ ಹೊರಬಂದು ತುಂಬ ಜನ ಕೇಳುತ್ತಿದ್ದಾರೆ, ಇವಳ ಹೆಸರು ಎಲ್ಲಿಯೂ ಇಲ್ಲ. ಈಗ ಮತ್ತೊಬ್ಬರು ಮೂರು ಹಾಡು ಹಾಡಿಸಿಕೊಳ್ಳಲು ಒಪ್ಪಂದ ಕಳುಹಿಸಿದ್ದಾರೆ. ಓದು ಮುಗಿದ ಮೇಲೆ ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತಾಳೆ. ಇದೇನು ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಹಾಡಿದ ಹಾಗೆಯೋ, ನಿಜಕ್ಕೂ ಒಂದು ದಾರಿಯೋ? ಗಂಟಲು ಹಾಳಾಗುವುದಿಲ್ಲವೇ? ಒಪ್ಪಂದದ ಪ್ರತಿಯನ್ನು ನಿಮಗೆ ಕಳುಹಿಸುತ್ತೇನೆ.
(ಹೆಸರು ಬೇಡ, ಮೈಸೂರು)

ಉತ್ತರ: ದಾರಿಯೇ ಹೌದು, ಆದರೆ ನೀವು ನೋಡುತ್ತಿರುವ ಕಡೆ ಅದು ಇಲ್ಲ. ನಿಮ್ಮ ಪತ್ರದಲ್ಲಿ ನೀವು ಹೇಳಿ ದಾಟಿಹೋದ ಮಾತೊಂದಿದೆ: ಧಾಟಿಯನ್ನು ಮಗಳೇ ಗುನುಗಿ ಕೂರಿಸಿದಳು ಎಂದು. ಇಡೀ ಪತ್ರದಲ್ಲಿ ನನಗೆ ತೂಕದ್ದಾಗಿ ಕಂಡದ್ದು ಅದೊಂದೇ. ಧಾಟಿ ಕೂರಿಸಿದವಳು ಬರಿಯ ಗಾಯಕಿಯಲ್ಲ, ಆ ಹಾಡಿನ ಸಂಯೋಜಕರಲ್ಲಿ ಒಬ್ಬಳು. ಆ ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ, ನಿಮ್ಮ ಮಗಳಿಗೆ ಗೊತ್ತಿರಲಿಲ್ಲ ಎಂಬುದನ್ನು ಆ 150 ಪೌಂಡೇ ಹೇಳುತ್ತದೆ. ಈ ಸಂಗೀತದಲ್ಲಿ ಹಾಡಿ ಬರುವುದಷ್ಟೇ ಕಸುಬಾದರೆ ಹೊಟ್ಟೆಪಾಡು ಕಷ್ಟ. ಹಾಡು ಕಟ್ಟುವವಳಾಗಿ, ಕಟ್ಟಿದ್ದನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವವಳಾದರೆ ಬದುಕಬಹುದು.

ಹೀಗೇಕೆ ಎನ್ನುವುದು ತಿಳಿಯಬೇಕಾದರೆ ಈ ಸಂಗೀತದ ರೀತಿ ಸ್ವಲ್ಪ ಗೊತ್ತಿರಬೇಕು. 1990ರ ದಶಕದ ಆರಂಭದಲ್ಲಿ ಲಂಡನ್, ಬ್ರಿಸ್ಟಲ್‌ನಂಥ ಊರುಗಳಲ್ಲಿ ‘ಜಂಗಲ್’ ಎಂಬ ಹೆಸರಿನಿಂದ ಬೆಳೆದದ್ದು ಇದು. ಜಮೈಕಾದಿಂದ ಬಂದು ನೆಲೆಸಿದವರು ದೊಡ್ಡ ಸ್ಪೀಕರ್‌ಗಳನ್ನು ಹೂಡಿ ಜನರನ್ನು ಕುಣಿಸುತ್ತಿದ್ದ ಸೌಂಡ್ ಸಿಸ್ಟಮ್ ಪರಂಪರೆ ಒಂದು ಕಡೆ, ರಾತ್ರಿಯಿಡೀ ಕುಣಿಯುವ ರೇವ್ ಕೂಟಗಳು ಇನ್ನೊಂದು ಕಡೆ, ಎರಡೂ ಸೇರಿದವು. ನಿಮಿಷಕ್ಕೆ 170ರಿಂದ 180 ಬಡಿತಗಳ ವೇಗ, ಒಡೆದು ಮರುಜೋಡಿಸಿದ ಡ್ರಮ್, ಎದೆಗೂಡು ನಡುಗಿಸುವ ಬೇಸ್. ಎಲ್ಲವನ್ನೂ ಕಂಪ್ಯೂಟರಿನ ಮುಂದೆ ಕುಳಿತು ಕಟ್ಟುವವರನ್ನು ಪ್ರೊಡ್ಯೂಸರ್ ಎನ್ನುತ್ತಾರೆ. ಹಣ ಹಾಕುವ ನಿರ್ಮಾಪಕರಲ್ಲ, ನಮ್ಮ ಲೆಕ್ಕದಲ್ಲಿ ಅವರು ಸಂಗೀತ ನಿರ್ದೇಶಕರು. ಹಾಡಿನ ಮೇಲೆ ಹೆಸರು ಅವರದ್ದು. ವೇದಿಕೆಯ ಮೇಲೆ ಡಿಜೆಯಾಗಿ ನಿಲ್ಲುವವರೂ ಬಹುಪಾಲು ಅವರೇ. ಜೇಬಿನ ಪೆನ್‌ಡ್ರೈವ್‌ನಲ್ಲಿ ಹಾಡುಗಳಿರುತ್ತವೆ, ಹಾಡುಗಳಲ್ಲಿ ಗಾಯಕಿಯ ದನಿ ಇರುತ್ತದೆ. ಗಾಯಕಿ ಮಾತ್ರ ಆ ರಾತ್ರಿ ತನ್ನ ಕೋಣೆಯಲ್ಲಿ ಮಲಗಿರುತ್ತಾಳೆ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಹಾಡಿದ ದಿನವಾದರೂ ಕೂಲಿ ಸಿಗುತ್ತದೆ. ಇಲ್ಲಿ ಒಂದೇ ದನಿ ಒಂದೇ ರಾತ್ರಿ ಹತ್ತು ಊರುಗಳಲ್ಲಿ ಮೊಳಗಿದರೂ ಹಾಡಿದವಳಿಗೆ ಯಾರೂ ಫೋನ್ ಮಾಡುವುದಿಲ್ಲ.

ನಮ್ಮ ಹಿನ್ನೆಲೆ ಗಾಯನಕ್ಕೆ ಇದನ್ನು ಹೋಲಿಸುವ ಆಸೆ ಬರುತ್ತದೆ. ಆದರೆ ರಾಜ್‌ಕುಮಾರ್ ಅವರಿಗೆ ಕಂಠವಾಗಿದ್ದವರು ಪಿ. ಬಿ. ಶ್ರೀನಿವಾಸ್ ಎಂಬುದು ಹಾಡು ಕೇಳುವ ಪ್ರತಿ ಮನೆಗೂ ಗೊತ್ತಿತ್ತು, ಆಕಾಶವಾಣಿಯಲ್ಲಿ ಹೆಸರು ಹೇಳಿಯೇ ಹಾಡು ಹಾಕುತ್ತಿದ್ದರು. ಕ್ಲಬ್‌ನಲ್ಲಿ ಹೆಸರು ಹೇಳುವವರು ಯಾರು?

ಸಂಗೀತ ಕಟ್ಟಿದವರಿಗೇ ಅನ್ಯಾಯವಾದ ಕಥೆ ಈ ಪ್ರಕಾರದ ಬುಡದಲ್ಲಿದೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡ ಒಂದು ರೆಕಾರ್ಡ್ ಹೊರತಂದಿತು. ಅದರ ಹಿಂಬದಿಯ ಹಾಡಿನಲ್ಲಿ ಡ್ರಮ್ ವಾದಕ ಗ್ರೆಗರಿ ಕೋಲ್ಮನ್ ನಾಲ್ಕು ಆವರ್ತ, ಆರೇಳು ಸೆಕೆಂಡು, ಒಬ್ಬರೇ ಬಾರಿಸಿದ್ದಾರೆ. ‘ಆಮೆನ್ ಬ್ರೇಕ್’ ಎಂದು ಹೆಸರಾದ ಆ ತುಣುಕನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಹಿಂದುಮುಂದು ಮಾಡಿ ಜಂಗಲ್ ಸಂಗೀತದ ದೊಡ್ಡ ಭಾಗ ಎದ್ದು ನಿಂತಿತು. ಕೋಲ್ಮನ್ ಅವರಿಗೆ ಇದರಿಂದ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಇರಲು ಮನೆಯಿರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು. ಕೊಟ್ಟವರು ಕಂಪನಿಗಳಲ್ಲ, ಕೇಳುಗರು ಎಂಬುದನ್ನು ಗಮನಿಸಿ. ಈ ಸಂಗೀತ ಕೆಟ್ಟದ್ದೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನಗೆ ಇದು ತುಂಬ ಇಷ್ಟದ ಸಂಗೀತ. ಆದರೆ ಕತ್ತರಿ, ಅಂಟುಗಳಿಂದ ಬೆಳೆದ ಕಲೆಯಲ್ಲಿ ಕತ್ತರಿಸಿಕೊಂಡವರ ಹೆಸರು ತಾನಾಗಿ ಉಳಿಯುವುದಿಲ್ಲ, ಉಳಿಸಿಕೊಳ್ಳಬೇಕಾಗುತ್ತದೆ.

ಗಾಯಕಿಯರ ಪಾಡು ಮೊದಲಿನಿಂದಲೂ ಹೀಗೆಯೇ. 1990ರ ದಶಕದ ಗೋಲ್ಡಿ ಎಂಬ ಪ್ರೊಡ್ಯೂಸರನ್ನು ಅರಿಯದ ಅಭಿಮಾನಿ ಇಲ್ಲ. ಅವರ ಅತಿ ಪ್ರಸಿದ್ಧ ಹಾಡಿಗೆ ಜೀವ ತುಂಬಿದ ಡಯಾನ್ ಷಾರ್ಲಮೇನ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? 2015ರಲ್ಲಿ ಆಕೆ ತೀರಿಕೊಂಡಾಗ, ‘ಓ, ಆ ದನಿ ಇವರದ್ದೇ’ ಎಂದವರು ಬಹಳ. ನಿಮ್ಮ ಮಗಳಿರುವ ಬ್ರಿಸ್ಟಲ್‌ನವರೇ ಆದ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡಕ್ಕೆ 1997ರಲ್ಲಿ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂತು. ಆ ತಂಡದ ಗಾಯಕಿ ಆನಲೀ. ಅವರ ಹೆಸರನ್ನು ಬ್ರಿಸ್ಟಲ್‌ನಲ್ಲಿಯೇ ಕೇಳಿ ನೋಡಲು ಮಗಳಿಗೆ ಹೇಳಿ.

ಇನ್ನು ಏಳಿಗೆಯ ವಿಷಯ. ಬೆಕಿ ಹಿಲ್ ಎಂಬ ಗಾಯಕಿಯ ದಾರಿಯನ್ನು ನಿಮ್ಮ ಮಗಳು ಕೂತು ಅಭ್ಯಾಸ ಮಾಡಲಿ. ವೂಸ್ಟರ್‌ಷೈರ್‌ನ ಬ್ಯೂಡ್ಲಿ ಎಂಬ ಪುಟ್ಟ ಊರಿನವರು. 2012ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಟಿವಿಯ ಗಾಯನ ಸ್ಪರ್ಧೆಯೊಂದರಲ್ಲಿ ಸೆಮಿಫೈನಲ್‌ವರೆಗೆ ಬಂದರು. ಮರುವರ್ಷ ವಿಲ್ಕಿನ್ಸನ್ ಎಂಬ ಡ್ರಮ್ ಆ್ಯಂಡ್ ಬೇಸ್ ಪ್ರೊಡ್ಯೂಸರಿಗೆ ಹಾಡಿದ ಹಾಡು ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಏರಿತು. ಹಾಡಿನ ಮೇಲೆ ಆಕೆಯ ಹೆಸರಿರಲಿಲ್ಲ, ವಿಲ್ಕಿನ್ಸನ್ ಎಂದಷ್ಟೇ ಇತ್ತು. ನಿಮ್ಮ ಮಗಳಿಗೆ ಈಗ ಆಗಿರುವುದು ಇದೇ, ಸಣ್ಣ ಪ್ರಮಾಣದಲ್ಲಿ. 2014ರಲ್ಲಿ ಆಲಿವರ್ ಹೆಲ್ಡೆನ್ಸ್ ಎಂಬ ಪ್ರೊಡ್ಯೂಸರ್ ಜೊತೆಗಿನ ಹಾಡಿನಲ್ಲಿ ಹೆಸರು ಬಂತು, ಹಾಡು ಮೊದಲ ಸ್ಥಾನಕ್ಕೂ ಹೋಯಿತು. ಇಷ್ಟಾದ ಮೇಲೆ ಎಲ್ಲ ಸಲೀಸಾಯಿತು ಎಂದುಕೊಳ್ಳುತ್ತೀರಿ. ಆಕೆಯ ಮೊದಲ ಪೂರ್ಣ ಸ್ಟುಡಿಯೋ ಆಲ್ಬಮ್ ಬಂದದ್ದು 2021ರ ಆಗಸ್ಟ್‌ನಲ್ಲಿ! ಸ್ಪರ್ಧೆಯಿಂದ ಲೆಕ್ಕ ಹಾಕಿದರೆ ಒಂಬತ್ತು ವರ್ಷ. ಆ ಒಂಬತ್ತು ವರ್ಷ ಬೇರೆ ಬೇರೆ ಪ್ರೊಡ್ಯೂಸರ್‌ಗಳ ಹಾಡಿಗೆ ದನಿಯಾಗುತ್ತ, ಬರೆಯುತ್ತ, ಹಾಡಿನ ಮೇಲೆ ಹೆಸರು ಹಾಕಿಸಿಕೊಳ್ಳುತ್ತ ಕಳೆದರು. 2022 ಮತ್ತು 2023ರಲ್ಲಿ ಸತತವಾಗಿ ಬ್ರಿಟ್ ಪ್ರಶಸ್ತಿಯ ನೃತ್ಯಸಂಗೀತ ವಿಭಾಗದಲ್ಲಿ ಗೆದ್ದರು. 2023ರಲ್ಲಿ ಚೇಸ್ ಆ್ಯಂಡ್ ಸ್ಟೇಟಸ್ ಎಂಬ ಪ್ರೊಡ್ಯೂಸರ್ ಜೋಡಿಯ ಜೊತೆ ಮತ್ತೆ ಡ್ರಮ್ ಆ್ಯಂಡ್ ಬೇಸ್‌ಗೆ ಬಂದಾಗ ಆಕೆಯ ಹೆಸರು ಅವರ ಹೆಸರಿನ ಪಕ್ಕದಲ್ಲೇ ಇತ್ತು.

ಇದು ಅತಿಥಿ ಗಾಯಕಿಯ ದಾರಿ. ಉದ್ದ, ತಾಳ್ಮೆ ಬೇಡುವಂಥದ್ದು. ಈಚೆಗೆ ಇನ್ನೊಂದು ದಾರಿ ತೆರೆದಿದೆ, ನನ್ನ ಒಲವು ಅದರ ಕಡೆ. ಕೆನ್ಯಾ ಗ್ರೇಸ್ ಎಂಬ ಯುವತಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ದಕ್ಷಿಣ ಇಂಗ್ಲೆಂಡಿನಲ್ಲಿ ಬೆಳೆದವರು. ಗಿಲ್ಡ್‌ಫರ್ಡ್‌ನ ಸಂಗೀತ ಅಕಾಡೆಮಿಯಲ್ಲಿ ಓದಿ, ತನ್ನ ಕೋಣೆಯಲ್ಲಿ ಬೆರಳಿನಿಂದ ಪ್ಯಾಡ್ ಒತ್ತಿ ತಾಳ ಕಟ್ಟುತ್ತ ಹಾಡುವ ಚಿಕ್ಕ ವಿಡಿಯೋಗಳನ್ನು ಟಿಕ್‌ಟಾಕ್‌ಗೆ ಹಾಕುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಆಕೆಯ ಹಾಡು ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಬರೆದದ್ದು, ಹಾಡಿದ್ದು, ಸಂಗೀತ ಕಟ್ಟಿದ್ದು ಮೂರೂ ಆಕೆಯೊಬ್ಬರೇ. ನಿಯಾ ಆರ್ಕೈವ್ಸ್ ಎಂಬ ಹೆಸರಿನಿಂದ ಹಾಡುವ ಯಾರ್ಕ್‌ಷೈರ್‌ನ ಹುಡುಗಿ ಹಳೆಯ ಜಂಗಲ್ ಶೈಲಿಯನ್ನೇ ಹಿಡಿದು, ತಾನೇ ತಾಳ ಕಟ್ಟಿ, ತಾನೇ ಹಾಡಿ, ಡಿಜೆಯಾಗಿ ತಾನೇ ನಿಲ್ಲುತ್ತಾರೆ. ಕಪ್ಪು ಜನರ ಸಂಗೀತ ಪರಂಪರೆಗೆ ಬ್ರಿಟನ್‌ನಲ್ಲಿ ಕೊಡುವ ಮೋಬೋ ಪ್ರಶಸ್ತಿಗಳಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಜಾಗವಿಲ್ಲವೆಂದು ಬಹಿರಂಗ ಪತ್ರ ಬರೆದರು. 2022ರಲ್ಲಿ ಆ ವಿಭಾಗ ಮರಳಿ ಬಂತು, ಮೊದಲ ಪ್ರಶಸ್ತಿ ಪತ್ರ ಬರೆದವರಿಗೇ ಸಂದಿತು. 2024ರ ಆಕೆಯ ಮೊದಲ ಆಲ್ಬಮ್ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಪೆನ್‌ಡ್ರೈವ್ ತನ್ನದೇ ಜೇಬಿನಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇವರಿಬ್ಬರೇ ಸಾಕ್ಷಿ. ಆದ್ದರಿಂದ ನಿಮ್ಮ ಮಗಳು ಗಾಯನದ ಜೊತೆಗೆ ಏಬಲ್‌ಟನ್ ಅಥವಾ ಲಾಜಿಕ್‌ನಂಥ, ಸಂಗೀತ ಕಟ್ಟುವ ತಂತ್ರಾಂಶವನ್ನು ಕಲಿಯಲೇಬೇಕು. ಪೂರ್ತಿ ಪ್ರೊಡ್ಯೂಸರ್ ಆಗದಿದ್ದರೂ ಚಿಂತೆಯಿಲ್ಲ, ತನ್ನ ದನಿಯನ್ನು ತಾನೇ ರೆಕಾರ್ಡ್ ಮಾಡಿ, ಒಪ್ಪ ಮಾಡಿ ಕಳುಹಿಸುವಷ್ಟಾದರೂ ಬೇಕು.

ಈಗ ಹಣ. ಹಾಡೊಂದಕ್ಕೆ ಹಕ್ಕುಗಳು ಎರಡು ಬಗೆ. ಸಾಲು ಮತ್ತು ಧಾಟಿಯ ಮೇಲಿನದು ಒಂದು, ರೆಕಾರ್ಡಿಂಗ್ ಮೇಲಿನದು ಇನ್ನೊಂದು. ಬ್ರಿಟನ್‌ನಲ್ಲಿ ಮೊದಲನೆಯದರ ಪ್ರದರ್ಶನ ಹಣವನ್ನು ಪಿಆರ್‌ಎಸ್ ಎಂಬ ಸಂಸ್ಥೆ ಬರೆದವರಿಗೆ ಹಂಚುತ್ತದೆ. ಎರಡನೆಯದರದ್ದನ್ನು ಪಿಪಿಎಲ್ ಎಂಬುದು ವಸೂಲಿ ಮಾಡಿ ಸಾಮಾನ್ಯವಾಗಿ ಅರ್ಧವನ್ನು ರೆಕಾರ್ಡಿಂಗ್‌ನ ಒಡೆಯರಿಗೆ, ಇನ್ನರ್ಧವನ್ನು ಹಾಡಿದವರು, ನುಡಿಸಿದವರಿಗೆ ಕೊಡುತ್ತದೆ. ರೇಡಿಯೊ, ಟಿವಿ, ಅಂಗಡಿ, ಪಬ್, ಕ್ಲಬ್ ಎಲ್ಲ ಇದಕ್ಕೆ ಸೇರುತ್ತವೆ. ಸ್ಪಾಟಿಫೈನಂಥ ಕಡೆ ಬೇಕಾದ ಹಾಡನ್ನು ಆರಿಸಿ ಕೇಳಿದರೆ ಸೇರುವುದಿಲ್ಲ! ಅಲ್ಲಿಂದ ಗಾಯಕಿಗೆ ಏನಾದರೂ ಬರಬೇಕಾದರೆ ಒಪ್ಪಂದದಲ್ಲಿ ಇಷ್ಟು ಪಾಲು ಎಂದು ಬರೆದಿರಬೇಕು, ಇಲ್ಲವೇ ಆಕೆ ಬರೆದವರಲ್ಲಿ ಒಬ್ಬಳಾಗಿ ಪಿಆರ್‌ಎಸ್ ದಾರಿಯಲ್ಲಿ ಪಡೆಯಬೇಕು. ‘ತುಂಬ ಜನ ಕೇಳುತ್ತಿದ್ದಾರೆ’ ಎಂದು ನೀವು ಬರೆದಿದ್ದೀರಿ. ಆ ಕೇಳ್ಮೆಯಿಂದ ಈ ಹೊತ್ತಿನವರೆಗೆ ನಿಮ್ಮ ಮಗಳಿಗೆ ಬಂದಿರುವುದು ಸೊನ್ನೆ. ಬಂದರೂ ಕೋಟೆ ಕಟ್ಟಬೇಡಿ, ಲಕ್ಷ ಸಲ ಕೇಳಿಸಿಕೊಂಡ ಹಾಡಿನ ಒಟ್ಟು ಹಣದಲ್ಲಿ ಬ್ರಿಸ್ಟಲ್‌ನ ಒಂದು ತಿಂಗಳ ಕೋಣೆ ಬಾಡಿಗೆ ಹುಟ್ಟುವುದಿಲ್ಲ.

ಹಾಗಾದರೆ ಆ ಹಾಡು ಕೈಬಿಟ್ಟು ಹೋಯಿತೇ? ಇಲ್ಲ. ಕಾಗದವಿಲ್ಲದಿರುವುದು ಇಲ್ಲಿ ಅವಳ ಪರವಾಗಿಯೇ ಇದೆ. ಬ್ರಿಟನ್‌ನ 1988ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. 150 ಪೌಂಡ್ ಕೈಗಿಟ್ಟ ಮಾತ್ರಕ್ಕೆ ಧಾಟಿ ಅವನದಾಗುವುದಿಲ್ಲ. ಹಾಡನ್ನು ಬಳಸಲು ಒಪ್ಪಿಗೆ ಇತ್ತು ಎಂದು ಅವನು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಬಳಸಲು ಒಪ್ಪುವುದು ಬೇರೆ, ಒಡೆತನ ಬಿಡುವುದು ಬೇರೆ. ಜಗಳಕ್ಕೆ ಹೋಗದೆ ಒಂದು ಮಿಂಚಂಚೆ ಬರೆಯಲಿ. ಗುನುಗುತ್ತ ಫೋನಿನಲ್ಲಿ ಮಾಡಿಕೊಂಡ ಮೊದಲ ರೆಕಾರ್ಡಿಂಗ್ ಇದ್ದರೆ ಅದನ್ನು ಅಳಿಸದೆ ಇಟ್ಟುಕೊಳ್ಳಲಿ, ಅದರ ತಾರೀಖೇ ಪುರಾವೆ. ಮೂರು ಸಂಗತಿ ಕೇಳಲಿ: ಹಾಡಿನ ಮೇಲೆ ತನ್ನ ಹೆಸರು, ಸಂಯೋಜನೆಯಲ್ಲಿ ಪಾಲು, ಮತ್ತು ರೆಕಾರ್ಡಿಂಗ್‌ನ ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ರೆಕಾರ್ಡಿಂಗ್‌ನ ಗುರುತಿನ ಸಂಖ್ಯೆ. ಈ ಸಂಖ್ಯೆ ಕೈಯಲ್ಲಿದ್ದರೆ ಪಿಪಿಎಲ್‌ನಲ್ಲಿ ತಾನು ಹಾಡಿದವಳೆಂದು ದಾಖಲಿಸುವುದು ಸುಲಭ. ಪಾಲು ಎಷ್ಟೆಂದರೆ, ಇಬ್ಬರೇ ಕೂತು ಮಾಡಿದ ಹಾಡಿನಲ್ಲಿ ಅರ್ಧ ಕೇಳುವುದು ದುರಾಸೆಯಲ್ಲ. ಸಾಲುಗಳೂ ತಾಳವೂ ಅವನದ್ದಾದ್ದರಿಂದ ನಾನಾಗಿದ್ದರೆ ಅರ್ಧ ಕೇಳಿ ಮೂರನೇ ಒಂದಕ್ಕೆ ಒಪ್ಪುತ್ತಿದ್ದೆ. ಈ ಹುಡುಗರು ಬಹಳ ಸಲ ಮೋಸಗಾರರಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ.

ಎರಡನೆಯವರ ಒಪ್ಪಂದದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ‘ಬೈಔಟ್’ ಎಂಬ ಪದದ ಮೇಲೆ. ಒಂದು ಸಲ ಹಣ ಕೊಟ್ಟು ಎಲ್ಲ ಹಕ್ಕನ್ನೂ ಶಾಶ್ವತವಾಗಿ ಕೊಂಡುಕೊಳ್ಳುವ ಏರ್ಪಾಡು ಅದು. ಬರೆದುಕೊಟ್ಟ ಸಾಲನ್ನು ಬರೆದುಕೊಟ್ಟ ಧಾಟಿಯಲ್ಲಿ ಹಾಡಿ ಬರುವ ಕೆಲಸಕ್ಕಾದರೆ ಸರಿ, ಧಾಟಿ ಕಟ್ಟುವ ಕೆಲಸಕ್ಕೆ ಒಪ್ಪಲೇಬಾರದು. ಆಮೇಲೆ, ದನಿಯ ತುಣುಕುಗಳನ್ನು ಬೇರೆ ಹಾಡುಗಳಿಗೆ ಬಳಸಬಹುದು, ಯಾರು ಬೇಕಾದರೂ ಕೊಂಡು ಬಳಸುವ ತುಣುಕುಗಳ ಕಟ್ಟಾಗಿ (ಸ್ಯಾಂಪಲ್ ಪ್ಯಾಕ್) ಮಾಡಿ ಮಾರಬಹುದು ಎಂಬ ಸಾಲು ಇದೆಯೇ ನೋಡಲಿ. ಇದ್ದರೆ ಇವಳ ‘ಆ’ಕಾರ ನಾಳೆ ಯಾರದೋ ಹಾಡಿನಲ್ಲಿ ಕೇಳಿಬರುತ್ತದೆ. ದನಿಯನ್ನು ಕೃತಕ ಬುದ್ಧಿಮತ್ತೆಗೆ ಕಲಿಸಲು ಬಳಸಬಹುದು ಎಂದಿದ್ದರೆ ಅದನ್ನು ಹೊಡೆದುಹಾಕಿಸದೆ ಸಹಿ ಮಾಡಬಾರದು. ಇಂತಿಷ್ಟು ವರ್ಷ ಬೇರೆಯವರಿಗೆ ಹಾಡಬಾರದು ಎಂಬ ಷರತ್ತನ್ನು ಮೂರು ಹಾಡಿನ ಒಪ್ಪಂದದಲ್ಲಿ ಹಾಕುವುದು ಶುದ್ಧ ಉದ್ಧಟತನ. ಹೆಸರು ‘ಫೀಚರಿಂಗ್’ ಎಂದು ಹಾಡಿನ ಶೀರ್ಷಿಕೆಯಲ್ಲೇ ಬರುತ್ತದೆ ಎಂದು ಬರೆದಿರಬೇಕು. ‘ಸೂಕ್ತ ರೀತಿಯಲ್ಲಿ ಸ್ಮರಿಸಲಾಗುವುದು’ ಎಂಬಂಥ ವಾಕ್ಯಕ್ಕೆ ಕಿಲುಬುಕಾಸಿನ ಬೆಲೆಯಿಲ್ಲ.

ಆದರೆ ಸಹಿಗಿಂತ ಮೊದಲು ಬಗೆಹರಿಯಬೇಕಾದ ಗಂಟೊಂದಿದೆ, ಅದು ವೀಸಾ. ಮಗಳು ವಿದ್ಯಾರ್ಥಿ ವೀಸಾದಲ್ಲಿದ್ದರೆ ಅವಳು ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿಪರ ಮನರಂಜನಾ ಕಲಾವಿದೆಯಾಗಿ ದುಡಿಯುವಂತೆಯೂ ಇಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಕೆಫೆಯಲ್ಲೋ ಗ್ರಂಥಾಲಯದಲ್ಲೋ ಸಂಬಳಕ್ಕೆ ದುಡಿಯುವುದಕ್ಕೆ. ಹಾಡಿಗೆ 150 ಪೌಂಡ್ ಪಡೆದದ್ದೇ ಈ ನಿಯಮಕ್ಕೆ ತಾಗುವಂತಿದೆ. ಗಾಬರಿ ಬೇಡ, ಆದರೆ ಮುಂದಿನ ಮೂರು ಹಾಡಿಗೆ ಹಣ ಮುಟ್ಟುವ ಮುನ್ನ ಅವಳು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಸಲಹಾ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಲಿ. ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಬಿಟ್ಟಿಯಾಗಿ ಹಾಡುವುದಕ್ಕೂ ಮುಂಚೆ ಕೇಳುವುದೇ ಒಳ್ಳೆಯದು. ಓದು ಮುಗಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ, ಅಲ್ಲಿ ನಿಷೇಧವಿರುವುದು ವೃತ್ತಿಪರ ಕ್ರೀಡಾಪಟುಗಳಿಗೆ. ಅದರ ಅವಧಿ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಬೆಕಿ ಹಿಲ್ ಅವರಿಗೆ ಒಂಬತ್ತು ವರ್ಷ ಹಿಡಿದ ದಾರಿ ಇದು ಎಂಬುದನ್ನು ಪಕ್ಕದಲ್ಲಿಟ್ಟು ಈ ಲೆಕ್ಕ ನೋಡಿ. ಎಂ.ಎಸ್ಸಿ.ಯನ್ನು ಚೆನ್ನಾಗಿ ಮುಗಿಸುವುದಕ್ಕೂ ಹಾಡಿಗೂ ವೈರವಿಲ್ಲ. ಅಲ್ಲಿ ಉಳಿಯಲು ಆಧಾರವಾಗುವುದು ಆ ಪದವಿಯಿಂದ ಸಿಗುವ ನೌಕರಿಯೇ. ಪ್ರೊಡ್ಯೂಸರ್‌ಗಳಲ್ಲಿ ಸಹ ಹಗಲು ನೌಕರಿ, ರಾತ್ರಿ ಸಂಗೀತ ಎಂದು ವರ್ಷಗಟ್ಟಲೆ ನಡೆಸಿದವರು ಕಡಿಮೆಯೇನಿಲ್ಲ.

ಇನ್ನು ನೀವು ಕಲಿಸಿದ ಸಂಗೀತ ವ್ಯರ್ಥವಾಯಿತೇ ಎಂಬ ನೋವು ಪತ್ರದ ಅಂಚಿನಲ್ಲಿ ಕಾಣುತ್ತಿದೆ. ಆಗಿಲ್ಲ. 174ರ ವೇಗದ ತಾಳದ ಮೇಲೆ ಗಾಯಕಿ ಆ ವೇಗದಲ್ಲಿ ಹಾಡುವುದಿಲ್ಲ, ಅದರ ಅರ್ಧದಲ್ಲಿ, 87ರಲ್ಲಿ ತೇಲುತ್ತಾಳೆ. ಮೃದಂಗ ಎರಡನೇ ಕಾಲದಲ್ಲಿ ಓಡುತ್ತಿರುವಾಗ ಸಾಹಿತ್ಯವನ್ನು ಮೊದಲ ಕಾಲದಲ್ಲಿ ನಿಧಾನವಾಗಿ ಎಳೆದು ಹಾಡಿದಂತೆ. ಕೈಯಲ್ಲಿ ತಾಳ ಹಾಕುತ್ತ ಸರಳೆ, ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡಿದ ಹುಡುಗಿಗೆ ಇದು ಮೈಗೆ ಹತ್ತಿದ ವಿದ್ಯೆ. ಲಯ ಜಾರದ ದನಿ ಎಂದರೆ ಸ್ಟುಡಿಯೋದವರಿಗೆ ಅರ್ಧ ಕೆಲಸ ಉಳಿದಂತೆ.

ತೊಡಕು ಬರುವುದು ಸ್ವರವನ್ನು ತೂಗಿ ಅಲುಗಿಸುವ ಗಮಕದಲ್ಲಿ. ಶ್ರುತಿ ತಿದ್ದುವ ಮೆಲೊಡೈನ್ ಎಂಬ ತಂತ್ರಾಂಶದಲ್ಲಿ ಹಾಡಿದ ಪ್ರತಿ ಸ್ವರವೂ ಪರದೆಯ ಮೇಲೆ ಒಂದೊಂದು ಉಂಡೆಯಾಗಿ, ಅದರೊಳಗೆ ಹಾಯುವ ತೆಳು ಗೆರೆಯಾಗಿ ಕಾಣುತ್ತದೆ. ಗಾಂಧಾರವನ್ನು ತೂಗಿದಲ್ಲಿ ಗೆರೆ ಅಲೆಅಲೆಯಾಗುತ್ತದೆ. ಎಂಜಿನಿಯರ್ ಅದನ್ನು ಶ್ರುತಿ ತಪ್ಪಿದ ಜಾಗವೆಂದು ಎಣಿಸಿ ಮೌಸ್ ಹಿಡಿದು ಎಳೆದರೆ ಗೆರೆ ನೆಟ್ಟಗಾಗುತ್ತದೆ, ಸ್ವರ ಸತ್ತುಹೋಗುತ್ತದೆ. ಪಕ್ಕದಲ್ಲಿ ಕೂತು ‘ಇದನ್ನು ಮುಟ್ಟಬೇಡಿ’ ಎಂದು ಹೇಳುವ ಧೈರ್ಯ ಅವಳಿಗೆ ಬೇಕು. ಇದಕ್ಕೆ ತದ್ವಿರುದ್ಧವಾದ ಕಾಟವೂ ಒಂದಿದೆ. ಭಾರತೀಯ ಹುಡುಗಿ ಎಂದ ಕೂಡಲೇ ಹತ್ತು ಸೆಕೆಂಡಿನ ಆಲಾಪವೊಂದನ್ನು ಹಾಡಿಸಿಕೊಂಡು ಹಾಡಿನ ಆರಂಭಕ್ಕೆ ಒಗ್ಗರಣೆ ಹಾಕುವ ಚಾಳಿ. ಅಂಥ ಕೆಲಸಕ್ಕೆ ಒಂದೆರಡು ಸಲ ಹೋದರೆ ಅದೇ ಹಣೆಪಟ್ಟಿಯಾಗುತ್ತದೆ. ಆ ನೆಲದಲ್ಲಿ ನಮ್ಮ ಸಂಗೀತ ಹೊಸದೇನಲ್ಲ. 1990ರ ದಶಕದ ನಡುವಿನಲ್ಲಿ ಲಂಡನ್ನಿನ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್‌ನಲ್ಲಿ ತಬಲಾ ವಾದಕ ತಲ್ವಿನ್ ಸಿಂಗ್ ‘ಅನೋಖಾ’ ಎಂಬ ಕೂಟ ನಡೆಸುತ್ತಿದ್ದರು. ಗೋಲ್ಡಿಯವರ ಮೆಟಲ್‌ಹೆಡ್ಜ್ ಕೂಟ ಸೇರುತ್ತಿದ್ದದ್ದೂ ಅದೇ ಕ್ಲಬ್‌ನಲ್ಲಿ. ತಬಲಾ ಮತ್ತು ಡ್ರಮ್ ಆ್ಯಂಡ್ ಬೇಸ್ ಅಲ್ಲಿ ಒಗ್ಗರಣೆಯಾಗಿ ಅಲ್ಲ, ಸಮಾನವಾಗಿ ಬೆರೆತವು. 1999ರ ಮರ್ಕ್ಯುರಿ ಪ್ರಶಸ್ತಿ ತಲ್ವಿನ್ ಸಿಂಗ್ ಅವರ ಆಲ್ಬಮ್‌ಗೆ ಬಂತು.

ಗಂಟಲಿನ ಚಿಂತೆ ಬಿಡಿ. ಮೈಕ್‌ಗೆ ಬಾಯಿ ತಾಗುವಷ್ಟು ಹತ್ತಿರ ನಿಂತು ಪಿಸುಮಾತಿನ ಮಟ್ಟದಲ್ಲಿ ಹಾಡುವ ಶೈಲಿ ಈಗ ಹೆಚ್ಚು. ತಾರಸ್ಥಾಯಿಯಲ್ಲಿ ಕಿರುಚುವುದು ಕಡಿಮೆ. ಕೆಡುವುದು ಕಿವಿ. ಕ್ಲಬ್‌ಗೆ ಹೋಗುವಾಗಲೆಲ್ಲ ಸಂಗೀತಗಾರರು ಬಳಸುವ ಕಿವಿಮುಚ್ಚುಗಳನ್ನು ಹಾಕಿಕೊಳ್ಳಬೇಕು, ಇದರಲ್ಲಿ ರಾಜಿಯಿಲ್ಲ. ಒಮ್ಮೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ನೆಲೆಸಿದರೆ ತಂಬೂರಿಯ ಮುಂದೆ ಕೂರುವುದೂ ಕಷ್ಟವಾಗುತ್ತದೆ.

ಒಪ್ಪಂದದ ಪ್ರತಿಯನ್ನು ನನಗೆ ಕಳುಹಿಸುವುದಾಗಿ ಬರೆದಿದ್ದೀರಿ. ಬೇಡ. ಬ್ರಿಟನ್‌ನ ಮ್ಯುಸಿಶಿಯನ್ಸ್ ಯೂನಿಯನ್‌ನಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ದರದ ಸದಸ್ಯತ್ವವಿದೆ, ಸಹಿಗೆ ಮುನ್ನ ಒಪ್ಪಂದಗಳನ್ನು ವಕೀಲರಿಂದ ಓದಿಸಿ ಸಲಹೆ ಕೊಡುವ ಸೇವೆಯೂ ಇದೆ. ತನಗೆ ಯಾವ ಸದಸ್ಯತ್ವ ಹೊಂದುತ್ತದೆ, ಅದರಲ್ಲಿ ಈ ಸೇವೆ ಸೇರಿದೆಯೇ ಎಂದು ಮಗಳೇ ವಿಚಾರಿಸಲಿ. ಅಲ್ಲಿಯವರೆಗೆ ಆ ಮೂರು ಹಾಡಿನವರಿಗೆ ‘ಓದುತ್ತಿದ್ದೇನೆ, ಎರಡು ವಾರ ಕೊಡಿ’ ಎಂದು ಒಂದು ಸಾಲು ಬರೆದರೆ ಸಾಕು. ಎರಡು ವಾರ ಕಾಯಲು ಒಪ್ಪದವರ ಹಾಡು ಕೈತಪ್ಪಿದರೆ ತಪ್ಪಲಿ.